ಊದು, ಉಬ್ಬು, ಬಾತು, ಬೀಗು: ಇಂಗ್ಲಿಷಿನ ‘ಸ್ವೆಲ್’ ಕ್ರಿಯಾಪದವೂ ಕನ್ನಡದ ಧಾತುಗಳೂ

ಇಂಗ್ಲಿಷಿನ ‘ಸ್ವೆಲ್’ ಎಂಬ ಕ್ರಿಯಾಪದವು ನೋಡುವುದಕ್ಕೆ ಚಿಕ್ಕದು. ಅದನ್ನು ಕನ್ನಡಿಸುವ ಕೆಲಸ ಮಾತ್ರ ಚಿಕ್ಕದಲ್ಲ. ಆ ಪದಕ್ಕೆ ಸಮಾನವಾದ ಕನ್ನಡ ಮಾತು ಯಾವುದೆಂದು ಕೇಳಿದರೆ ಊದು, ಉಬ್ಬು, ಬಾತುಕೊಳ್ಳು, ಬೀಗು, ಉಕ್ಕು, ಹಿಗ್ಗು ಎಂದು ಐದಾರು ಮಾತುಗಳು ಒಮ್ಮೆಗೇ ನಾಲಗೆಗೆ ಬರುತ್ತವೆ. ಭಾಷಾಂತರದ ಅಭ್ಯಾಸದಲ್ಲಿ ತೊಡಗಿದ ವಿದ್ಯಾರ್ಥಿಯು ಇವೆಲ್ಲವೂ ಪರ್ಯಾಯಪದಗಳೆಂದು ಬಗೆದು, ಮೊದಲು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ. ಹೊಳೆ ‘ಊದಿಕೊಂಡಿತು’ ಎಂದೋ, ಪೆಟ್ಟುಬಿದ್ದ ಕಾಲು ‘ಉಕ್ಕಿತು’ ಎಂದೋ ಬರೆದುಬಿಡುತ್ತಾನೆ. ಓದಿದವರು ನಗುತ್ತಾರೆ, ಆದರೆ ತಪ್ಪು ಎಲ್ಲಿ ಆಯಿತೆಂಬುದನ್ನು ಸ್ಪಷ್ಟವಾಗಿ ಹೇಳುವುದು ನಕ್ಕವರಿಗೂ ಸುಲಭವಲ್ಲ. ಆ ತಪ್ಪಿನ ಸ್ವರೂಪವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿವರಣೆಗೆ ಬೇಕಾದ ಉದಾಹರಣೆಗಳನ್ನು ನಾವು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ದೈನಂದಿನ ಬಾಳಿನಿಂದ ಆರಿಸಿಕೊಂಡಿದ್ದೇವೆ. ಈ ನಾಲ್ಕು ತಾಲ್ಲೂಕುಗಳು ೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂಬ ಹೆಸರನ್ನಿಡಲು ೨೦೨೫ರಲ್ಲಿ ರಾಜ್ಯದ ಸಚಿವ ಸಂಪುಟವು ಒಪ್ಪಿತು. ರೇಷ್ಮೆಹುಳು ಸಾಕುವವರು, ಹೈನುಗಾರರು, ರಾಗಿ ಬೆಳೆಯುವವರು, ಮರದ ಗೊಂಬೆ ಮಾಡುವವರು ಒಂದೆಡೆ ಬಾಳುವ ನಾಡು ಇದು. ಒಂದು ವಸ್ತು ಏಕೆ ದಪ್ಪವಾಯಿತೆಂಬುದನ್ನು ಇಂಥವರು ಸರಿಯಾಗಿ ಹೇಳಲೇಬೇಕು; ಇಲ್ಲದಿದ್ದರೆ ನಷ್ಟ ಅವರದೇ. ಆದ್ದರಿಂದ ಈ ಧಾತುಗಳ ಅರ್ಥಭೇದವನ್ನು ನೋಡಲು ಇಂಥ ಸೀಮೆ ತಕ್ಕದ್ದೆಂದು ನಾವು ಭಾವಿಸಿದ್ದೇವೆ.

೧. ಇಂಗ್ಲಿಷಿನ ಪದ

‘ಸ್ವೆಲ್’ ಎಂಬುದು ಇಂಗ್ಲಿಷಿಗೆ ಹೊರಗಿನಿಂದ ಬಂದ ಮಾತಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ಅದು ‘ಸ್ವೆಲ್ಲನ್’ ಎಂದಿತ್ತು. ಜರ್ಮನ್ ಭಾಷೆಯ ‘ಷ್ವೆಲೆನ್’, ಡಚ್ಚಿನ ‘ಜ್ವೆಲ್ಲೆನ್’ ಅದರ ಒಡಹುಟ್ಟುಗಳು. ಅದರ ಭೂತಕೃದಂತವಾದ ‘ಸ್ವೋಲನ್’ ಎಂಬ ರೂಪದಲ್ಲಿ ಒಳಗಿನ ಸ್ವರವೇ ಬದಲಾಗುವುದು ಆ ಪದದ ಹಳಮೆಗೆ ಸಾಕ್ಷಿ. ಗಾಯಗೊಂಡ ಬೆರಳು, ತುಂಬಿದ ಹೊಳೆ, ಗಾಳಿ ಹಿಡಿದ ಹಾಯಿ, ಏರುವ ಸ್ವರ, ಹೆಚ್ಚುವ ಜನಸಂದಣಿ, ಅಹಂಕಾರ ತುಂಬಿದ ಮನಸ್ಸು, ಇವೆಲ್ಲಕ್ಕೂ ಇಂಗ್ಲಿಷಿನವನಿಗೆ ಆ ಒಂದೇ ಕ್ರಿಯಾಪದ ಸಾಕು. ಒಂದು ವಸ್ತುವಿನ ಗಾತ್ರ ಒಳಗಿನ ಒತ್ತಡದಿಂದ ಹೆಚ್ಚಿತೆಂದಷ್ಟೇ ಅದು ಹೇಳುತ್ತದೆ. ಒಳಗಿರುವುದು ಗಾಳಿಯೋ ನೀರೋ ಕೀವೋ ಸಂತೋಷವೋ ಎಂಬುದನ್ನು ಅದು ಹೇಳುವುದಿಲ್ಲ.

ಅದರ ಜೊತೆಗೆ ಇಂಗ್ಲಿಷು ಲ್ಯಾಟಿನ್ನಿನಿಂದಲೂ ಮಾತುಗಳನ್ನು ಪಡೆದಿದೆ. ‘ಇನ್‌ಫ್ಲೇಟ್’ ಎಂಬುದರ ಮೂಲವು ‘ಇನ್‌ಫ್ಲಾರೆ’. ಅದರಲ್ಲಿ ‘ಫ್ಲಾರೆ’ ಎಂದರೆ ಬಾಯಿಂದ ಊದುವುದು. ‘ಟ್ಯೂಮರ್’ ಎಂಬುದು ಬಾತುಕೊಳ್ಳುವುದೆಂಬ ಅರ್ಥದ ‘ತುಮೇರೆ’ಯಿಂದ ಬಂದದ್ದು. ‘ಬಲ್ಜ್’ ಎಂಬುದರ ಹಿಂದೆ ತೊಗಲಿನ ಚೀಲವೆಂಬ ಅರ್ಥದ ‘ಬುಲ್ಗ’ ಇದೆ. ಈ ಮೂರರಲ್ಲಿ ಊದುವ ಉಸಿರು, ಬಾತ ಮೈ, ತುಂಬಿದ ಚೀಲ ಎಂಬ ಮೂರು ಬೇರೆ ಬೇರೆ ಚಿತ್ರಗಳಿರುವುದನ್ನು ವಾಚಕರು ಗಮನಿಸಬೇಕು. ಇಂಗ್ಲಿಷು ಹೀಗೆ ಎರವಲು ಪದಗಳಿಂದ ತೋರಿಸುವ ಭೇದಗಳನ್ನು ಕನ್ನಡವು ತನ್ನ ಮನೆಯ ಧಾತುಗಳಿಂದಲೇ ತೋರಿಸುತ್ತದೆ.

೨. ಊದು

ಊದು ಎಂಬ ಧಾತು ತಮಿಳು, ಮಲಯಾಳ, ತೆಲುಗುಗಳಲ್ಲಿಯೂ ಇರುವ ದ್ರಾವಿಡ ಪದ. ಇದರ ಮುಖ್ಯಾರ್ಥ ಬಾಯಿಂದ ಗಾಳಿಯನ್ನು ಬಿಡುವುದು: ಕೊಳಲನ್ನು ಊದು, ಶಂಖವನ್ನು ಊದು, ಊದುಗೊಳವೆಯಿಂದ ಒಲೆಯನ್ನು ಊದು. ಇಲ್ಲಿ ಧಾತು ಸಕರ್ಮಕ. ಹೀಗೆ ಊದಿದರೆ ತೊಗಲಿನ ತಿತ್ತಿ ದಪ್ಪವಾಗುತ್ತದೆ. ಆ ಫಲಕ್ಕೂ ಅದೇ ಧಾತು ಅನ್ವಯಿಸಿ ಅಕರ್ಮಕವಾಯಿತು: ಕಾಲು ಊದಿತು, ಮುಖ ಊದಿಕೊಂಡಿತು. ಕ್ರಿಯೆಯಿಂದ ಅದರ ಫಲಕ್ಕೆ ಅರ್ಥವು ಸರಿದ ಈ ದಾರಿ ಲ್ಯಾಟಿನ್ನಿನ ‘ಇನ್‌ಫ್ಲಾರೆ’ ನಡೆದ ದಾರಿಯೇ. ಒಂದಕ್ಕೊಂದು ನಂಟಿಲ್ಲದ ಎರಡು ಭಾಷಾಕುಲಗಳು ಒಂದೇ ಅನುಭವದಿಂದ ಒಂದೇ ಬಗೆಯ ಅರ್ಥವನ್ನು ಪಡೆದದ್ದಕ್ಕೆ ಇದೊಂದು ನಿದರ್ಶನ.

ಊದಿಕೊಂಡದ್ದು ಸುತ್ತಲೂ ದುಂಡಗಾಗುತ್ತದೆ. ಅದರ ಸಹಜವಾದ ಆಕಾರ ಮರೆಯಾಗುತ್ತದೆ. ಕಾಲು ಊದಿದರೆ ಗಿಣ್ಣಿನ ಮೂಳೆ ಕಾಣುವುದಿಲ್ಲ; ಮುಖ ಊದಿದರೆ ಕಣ್ಣು ಚಿಕ್ಕದಾಗುತ್ತದೆ. ನೋವು ಇರಲೇಬೇಕೆಂಬ ನಿಯಮ ಇಲ್ಲಿಲ್ಲ. ಮೈಯಲ್ಲಿ ನೀರು ಸೇರಿದವರ ಕಾಲನ್ನು ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಕೆಲಹೊತ್ತು ಹಾಗೆಯೇ ನಿಲ್ಲುತ್ತದೆ, ನೋವಾಗದಿರಬಹುದು, ಅದೂ ಊತವೇ. ಮುನಿಸಿಕೊಂಡವನನ್ನು ‘ಮುಖ ಊದಿಸಿಕೊಂಡು ಕುಳಿತ’ ಎನ್ನುವುದು ಈ ಅರ್ಥದ ಲಾಕ್ಷಣಿಕ ಪ್ರಯೋಗ.

ಇಲ್ಲಿ ಒಂದು ಎಚ್ಚರಿಕೆ. ಊದುಬತ್ತಿಯ ‘ಊದು’ ಈ ಧಾತುವಲ್ಲ. ಅದು ಸುಗಂಧದ ಅಗರು ಮರವನ್ನು ಹೇಳುವ ಅರಬ್ಬೀ ಪದ. ಹಿಂದೂಸ್ತಾನಿಯ ಮೂಲಕ ಬತ್ತಿಯೊಡನೆ ಸೇರಿ ನಮ್ಮಲ್ಲಿಗೆ ಬಂದಿದೆ. ಬತ್ತಿಯನ್ನು ಹೊತ್ತಿಸಿ ಊದುವುದರಿಂದ ಆ ಹೆಸರು ಬಂತೆಂಬ ವಿವರಣೆ ಕೇಳಲು ಇಂಪಾದರೂ ನಿಲ್ಲುವಂಥದಲ್ಲ. ರೂಪಸಾಮ್ಯವನ್ನೇ ನೆಚ್ಚಿ ನಿರುಕ್ತಿ ಹೇಳಹೊರಟವರು ಜಾರುವ ಜಾಗ ಇದು.

೩. ಉಬ್ಬು

ಉಬ್ಬು ಎಂಬುದರ ಹಳಗನ್ನಡ ರೂಪಗಳು ಉರ್ವು, ಉರ್ಬು. ರೇಫದೊಡನೆ ಕೂಡಿದ ಬಕಾರವು ಮುಂದೆ ದ್ವಿತ್ವವಾಗುವುದು ಕನ್ನಡದ ಕ್ರಮಬದ್ಧ ಮಾರ್ಪಾಟು: ಕರ್ಬು ಕಬ್ಬಾಯಿತು, ಇರ್ಬರ್ ಎಂಬುದು ಇಬ್ಬರು ಎಂದಾಯಿತು, ಪೆರ್ಬಾವು ಹೆಬ್ಬಾವಾಯಿತು. ಅದೇ ಕ್ರಮದಲ್ಲಿ ಉರ್ಬು ಉಬ್ಬಾಯಿತು.

ಈ ಸೀಮೆಯ ಹಳ್ಳಿಯ ಆಡುಮಾತು ಇಲ್ಲಿ ಒಂದು ಸ್ವಾರಸ್ಯವನ್ನು ಒದಗಿಸುತ್ತದೆ. ಕಣ್ಣಿನ ಮೇಲಿನ ಹುಬ್ಬು ಹಳಗನ್ನಡದಲ್ಲಿ ಪುರ್ವು, ಪುರ್ಬು ಎಂದಿತ್ತು. ಪಕಾರವು ಹಕಾರವಾದ ಮೇಲೆ ಅದು ಹುಬ್ಬಾಯಿತು. ಹಳೆಯ ಮೈಸೂರಿನ ಗ್ರಾಮ್ಯದಲ್ಲಿ ಮೊದಲ ಹಕಾರವೂ ಬಿದ್ದು ಹಾಲು ‘ಆಲು’ ಆಗುವಂತೆ, ಹೊಟ್ಟೆ ‘ಒಟ್ಟೆ’ ಆಗುವಂತೆ, ಹುಬ್ಬು ‘ಉಬ್ಬು’ ಆಗುತ್ತದೆ. ಸಾವಿರ ವರ್ಷಗಳ ಹಿಂದೆ ಉರ್ಬು, ಪುರ್ಬು ಎಂದು ಬೇರೆಯಾಗಿದ್ದ ಎರಡು ಮಾತುಗಳು ಹಳ್ಳಿಯ ಬಾಯಲ್ಲಿ ಒಂದೇ ಆಗಿವೆ. ಹಣೆಗೆ ಪೆಟ್ಟುಬಿದ್ದ ಹುಡುಗನನ್ನು ಕಂಡು ‘ಉಬ್ಬು ಊದ್ಕಂಡದೆ’ ಎಂದರೆ ಯಾರಿಗೂ ಗೊಂದಲವಿಲ್ಲ. ಯಾಕೆಂದರೆ ಊದಿಕೊಳ್ಳುವುದು ಹುಬ್ಬು, ಕ್ರಿಯೆಗೆ ಬೇರೊಂದು ಪದ ಸಿದ್ಧವಾಗಿದೆ.

ಊದು ಎಂಬುದಕ್ಕೂ ಉಬ್ಬು ಎಂಬುದಕ್ಕೂ ಭೇದವೇನು? ಉಬ್ಬುವುದೆಂದರೆ ಮೇಲ್ಮೈ ತನ್ನ ಸಮಮಟ್ಟವನ್ನು ಬಿಟ್ಟು ಮೇಲೇಳುವುದು. ರೊಟ್ಟಿ ಉಬ್ಬುತ್ತದೆ, ಇಡ್ಲಿಯ ಹಿಟ್ಟು ರಾತ್ರಿಯೆಲ್ಲ ಹುದುಗು ಬಂದು ಉಬ್ಬುತ್ತದೆ. ಮಳೆಗಾಲದ ತೇವವನ್ನು ಹೀರಿ ಬಾಗಿಲಿನ ಮರ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಚನ್ನಪಟ್ಟಣದ ಗೊಂಬೆಯ ಕೆಲಸದಲ್ಲಿ ಆಲೆಮರವನ್ನು ಮೊದಲು ಚೆನ್ನಾಗಿ ಒಣಗಿಸುವುದು ಇದಕ್ಕಾಗಿಯೇ. ಹಸಿ ಉಳಿದ ಮರ ಮುಂದೆ ಕುಗ್ಗೀತು, ಸೀಳು ಬಿಟ್ಟೀತು. ಶಿಲ್ಪದಲ್ಲಿ ಉಬ್ಬುಗೆತ್ತನೆ, ನೆಲದಲ್ಲಿ ಉಬ್ಬುತಗ್ಗು, ಕಡಲಿನಲ್ಲಿ ಉಬ್ಬರವಿಳಿತ, ಇವೆಲ್ಲವೂ ಮಟ್ಟದ ಮಾತುಗಳು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅಲ್ಲಿಯ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರಿಟ್ಟಿದ್ದು, ಅದಕ್ಕೆ ಸುಮಾರು ೨೫೦ ಕೋಟಿ ವರ್ಷಗಳ ವಯಸ್ಸೆಂದು ನಿರ್ಣಯಿಸಿದ್ದಾರೆ. ಮಾಗಡಿಯ ಸಾವನದುರ್ಗದ ಬಂಡೆಯ ಬೆನ್ನನ್ನು ಉಬ್ಬಿದ ಬೆನ್ನೆನ್ನಬಹುದು. ಊದಿದ ಬೆನ್ನೆಂದರೆ ಬಂಡೆಗೆ ಬೇನೆ ಬಂತೆಂದಾಗುತ್ತದೆ.

ಉಬ್ಬಿದ್ದಕ್ಕೆ ಇಳಿಯುವುದೂ ಉಂಟು. ಆದ್ದರಿಂದಲೇ ಹೊಗಳಿಕೆಗೆ ಉಬ್ಬಿದವನು ತೆಗಳಿಕೆಗೆ ಕುಗ್ಗುತ್ತಾನೆ. ಒಬ್ಬನನ್ನು ಉಬ್ಬಿಸುವುದೆಂದರೆ ಅವನಲ್ಲಿಲ್ಲದ ಎತ್ತರವನ್ನು ಮಾತಿನಿಂದ ಒದಗಿಸುವುದು.

೪. ಬಾತು, ಬಾವು

ಮೂರನೆಯದು ‘ಬಾ’ ಎಂಬ ಧಾತು. ಇಂದಿನ ಬಳಕೆಯಲ್ಲಿ ಇದರ ಭೂತಕಾಲದ ರೂಪಗಳು ಮಾತ್ರ ಜೀವಂತವಾಗಿವೆ: ಬಾತ ಕೆನ್ನೆ, ಕಾಲು ಬಾತುಕೊಂಡಿತು. ಇದರಿಂದಾದ ನಾಮಪದ ಬಾವು. ತೆಲುಗಿನ ‘ವಾಚು’, ‘ವಾಪು’ ಇದರ ಜ್ಞಾತಿಗಳು. ವರ್ತಮಾನದ ರೂಪಗಳು ಏಕೆ ಅಳಿದವು? ಬರುವುದನ್ನು ಹೇಳುವ ‘ಬಾ’ ಎಂಬ ಬಹುಬಳಕೆಯ ಧಾತುವಿನೊಡನೆ ಘರ್ಷಣೆಯಾಗಿ ಇದು ಹಿಂದೆ ಸರಿದಿರಬಹುದೆಂದು ನಮ್ಮ ಊಹೆ. ಭೂತಕಾಲದಲ್ಲಿ ಒಂದು ‘ಬಂದ’ ಎಂದೂ ಇನ್ನೊಂದು ‘ಬಾತ’ ಎಂದೂ ಬೇರೆಯಾಗುವುದರಿಂದ ಅಲ್ಲಿ ಮಾತ್ರ ಎರಡಕ್ಕೂ ಎಡೆ ದೊರೆಯಿತು. ಬಾತುಕೋಳಿಯ ‘ಬಾತು’ ಬೇರೊಂದು ನಾಮಪದ; ಆ ಹಕ್ಕಿಯ ಮೈಯನ್ನು ಕಂಡು ಈ ಧಾತುವಿಗೆ ಗಂಟುಹಾಕಬಾರದು.

ಬಾವು ಎಂದರೆ ಮಾಂಸದ ಊತ. ಅದರಲ್ಲಿ ಸಾಮಾನ್ಯವಾಗಿ ಕಾವು ಮತ್ತು ನೋವು ಇರುತ್ತವೆ. ಈ ಭೇದದ ಬೆಲೆಯನ್ನು ಹಟ್ಟಿಯಲ್ಲಿ ಕಾಣಬೇಕು. ಹಸುವಿಗೆ ಬರುವ ಎರಡು ಕಾಯಿಲೆಗಳಿಗೆ ಕನ್ನಡದಲ್ಲಿ ‘ಕೆಚ್ಚಲು ಬಾವು’ ಎಂದೂ ‘ಹೊಟ್ಟೆಯುಬ್ಬರ’ ಎಂದೂ ಹೆಸರು. ಇವೆರಡನ್ನೂ ಇಂಗ್ಲಿಷಿನಲ್ಲಿ ವರ್ಣಿಸುವವನು ‘ಸ್ವೆಲ್’ ಎಂಬ ಒಂದೇ ಕ್ರಿಯಾಪದವನ್ನು ಬಳಸಬಹುದು. ನಮ್ಮ ಹೈನುಗಾರರು ಹಾಗೆ ಬಳಸುವುದಿಲ್ಲ.

ಕೆಚ್ಚಲು ಬಾವಿನಲ್ಲಿ ಸೂಕ್ಷ್ಮಜೀವಿಗಳು ಮೊಲೆತೊಟ್ಟಿನ ದಾರಿಯಿಂದ ಒಳಹೊಕ್ಕು ಕೆಚ್ಚಲು ಬಿಸಿಯಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಹಸು ಒದೆಯುತ್ತದೆ. ಹಾಲು ಒಡೆದು ಗರಣೆಗಟ್ಟುತ್ತದೆ. ಹೊಟ್ಟೆಯುಬ್ಬರದಲ್ಲಿ ಮಾಂಸಕ್ಕೆ ಏನೂ ಆಗಿರುವುದಿಲ್ಲ. ಹಸಿಯ ದ್ವಿದಳ ಮೇವನ್ನು ಅತಿಯಾಗಿ ತಿಂದ ರಾಸಿನ ಮೊದಲ ಹೊಟ್ಟೆಯಲ್ಲಿ ಅನಿಲ ತುಂಬಿ, ತೇಗಿನಲ್ಲಿ ಹೊರಬೀಳದೆ, ಎಡಪಕ್ಕೆ ಮೇಲೇಳುತ್ತದೆ. ತಟ್ಟಿದರೆ ತಮಟೆಯ ಸದ್ದು ಬರುತ್ತದೆ. ಉಸಿರಾಟಕ್ಕೆ ಎಡೆಯಿಲ್ಲದೆ ರಾಸು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಕೆಚ್ಚಲಿನದು ಮಾಂಸದ ಬಾವು, ಹೊಟ್ಟೆಯದು ಗಾಳಿಯ ಉಬ್ಬರ, ಚಿಕಿತ್ಸೆಗಳೂ ಬೇರೆ. ಪಶುವೈದ್ಯರಿಗೆ ಹೇಳಿಕಳುಹಿಸುವಾಗ ‘ಹೊಟ್ಟೆ ಉಬ್ಬಿದೆ’ ಎಂಬ ಎರಡು ಮಾತಿನಲ್ಲಿ ರೋಗದ ಗುರುತೂ ಅವಸರವೂ ಅಡಗಿವೆ. ಇಂಗ್ಲಿಷಿನ ತಿಳುವಳಿಕೆಪತ್ರವನ್ನು ಕನ್ನಡಿಸುವಾತನು ಅಲ್ಲಿ ‘ಎಡಪಕ್ಕೆಯಲ್ಲಿ ಬಾವು ಕಂಡರೆ’ ಎಂದು ಬರೆದರೆ, ಓದಿದ ರೈತನು ಬಿಸಿಯಾದ ಗಡ್ಡೆಯನ್ನು ಹುಡುಕುತ್ತ ನಿಲ್ಲುತ್ತಾನೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ರೇಷ್ಮೆಯ ಕಸುಬಿನಲ್ಲಿ ಇದೇ ಎಚ್ಚರ ಇನ್ನೊಂದು ರೀತಿಯಲ್ಲಿ ಕಾಣುತ್ತದೆ. ರೇಷ್ಮೆಹುಳು ಮೊಟ್ಟೆಯಿಂದ ಹೊರಬಿದ್ದ ಮೇಲೆ ಸುಮಾರು ೨೫ ದಿನಗಳಲ್ಲಿ ತೂಕದಲ್ಲಿ ೧೦,೦೦೦ ಪಟ್ಟಿನಷ್ಟು ಹೆಚ್ಚುತ್ತದೆ. ಇದಕ್ಕಿಂತ ದೊಡ್ಡ ಗಾತ್ರವೃದ್ಧಿಯನ್ನು ನಮ್ಮ ರೈತನು ಬೇರೆಲ್ಲಿಯೂ ಕಾಣಲಾರ. ಆದರೂ ಹುಳು ಊದಿತು ಎಂದಾಗಲಿ ಉಬ್ಬಿತು ಎಂದಾಗಲಿ ಅವನು ಹೇಳುವುದಿಲ್ಲ. ಹುಳು ಬೆಳೆಯುತ್ತದೆ, ಪೊರೆ ಬಿಡುವ ಮುನ್ನ ‘ಜ್ವರ’ಕ್ಕೆ ಕೂಡುತ್ತದೆ, ಕೊನೆಗೆ ‘ಹಣ್ಣಾಗಿ’ ಚಂದ್ರಿಕೆಯನ್ನೇರಿ ಗೂಡು ಕಟ್ಟುತ್ತದೆ. ಊತದ ಮಾತು ಬರುವುದು ರೋಗ ಬಂದಾಗ ಮಾತ್ರ. ‘ಹಾಲುತೊಂಡೆ’ ಎಂಬ ನಂಜಾಣು ರೋಗದಲ್ಲಿ ಹುಳುವಿನ ಮೈಯ ಉಂಗುರಗಳ ನಡುವಣ ಚರ್ಮ ಊದಿಕೊಂಡು ಹೊಳೆಯುತ್ತದೆ; ಚರ್ಮ ಒಡೆದರೆ ಹಾಲಿನಂಥ ದ್ರವ ಸೋರುತ್ತದೆ; ಹುಳು ಮೇವು ಬಿಟ್ಟು ತಟ್ಟೆಯ ಅಂಚಿನಲ್ಲಿ ಅಲೆಯುತ್ತದೆ. ಈ ರೋಗಕ್ಕೆ ಫ್ರೆಂಚರು ಇಟ್ಟ ‘ಗ್ರಾಸರಿ’ ಎಂಬ ಹೆಸರು ಕೊಬ್ಬಿದ್ದು ಎಂಬ ಅರ್ಥದ ಪದದಿಂದ ಬಂದದ್ದು. ನಮ್ಮವರು ಸೋರುವ ಹಾಲನ್ನು ನೋಡಿ ಹೆಸರಿಟ್ಟರು. ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ತರುವ ಮನೆಯಲ್ಲಿ ಹುಳು ‘ದಪ್ಪವಾಗಿದೆ’ ಎಂಬುದು ಸಂತೋಷದ ಸುದ್ದಿ. ‘ಊದಿದೆ’ ಎಂಬುದು ಬೆಳೆ ಹೋಗುವ ಸುದ್ದಿ.

೫. ಬೀಗು, ಉಕ್ಕು

ಬೀಗು ಎಂಬುದರ ಚರಿತ್ರೆ ಇವುಗಳಿಗಿಂತ ವಿಚಿತ್ರವಾದುದು. ತಮಿಳಿನ ‘ವೀಂಗು’, ಮಲಯಾಳದ ‘ವೀಙ್ಙು’ ಇದರ ಜ್ಞಾತಿಗಳು. ಅಲ್ಲಿಯ ವಕಾರ ಇಲ್ಲಿ ಬಕಾರವಾಗುವುದೂ, ದೀರ್ಘಸ್ವರದ ಮುಂದಿನ ಅನುನಾಸಿಕ ಇಲ್ಲಿ ಲೋಪವಾಗುವುದೂ ನಿಯತವಾದ ವ್ಯವಹಾರ. ತಮಿಳಿನ ‘ತೂಂಗು’ ನಮ್ಮ ತೂಗು; ‘ನೀಂಗು’ ನಮ್ಮ ನೀಗು. ಆ ಎರಡು ಭಾಷೆಗಳಲ್ಲಿ ಕಾಲಿನ ಊತಕ್ಕೆ ‘ವೀಕ್ಕಂ’ ಎಂಬುದೇ ಇಂದಿಗೂ ಮನೆಮಾತು. ಕನ್ನಡದಲ್ಲಿಯೂ ಈ ಧಾತುವಿಗೆ ಮೈ ಊದುವ ಅರ್ಥವಿತ್ತು. ಆದರೆ ಊದು, ಬಾತು ಎಂಬವು ಆ ಜಾಗವನ್ನು ಹಿಡಿದಮೇಲೆ ಬೀಗು ಎಂಬುದು ದೇಹವನ್ನು ಬಿಟ್ಟು ಮನಸ್ಸಿಗೆ ಸೇರಿತು. ಇಂದು ಬೀಗುವುದು ಕಾಲಲ್ಲ, ಗೆದ್ದವನು. ಒಂದೇ ಧಾತು ನೆರೆಮನೆಯಲ್ಲಿ ವೈದ್ಯರ ಮಾತಾಗಿಯೂ ನಮ್ಮ ಮನೆಯಲ್ಲಿ ಗರ್ವದ ಮಾತಾಗಿಯೂ ಉಳಿದಿರುವುದು ಅರ್ಥಪಲ್ಲಟಕ್ಕೆ ಒಳ್ಳೆಯ ಉದಾಹರಣೆ. ಪಕ್ಕದಲ್ಲೇ ಇರುವ ಹಿಗ್ಗು ಎಂಬುದು ಗರ್ವವಿಲ್ಲದ ಸಂತೋಷ. ಮಗಳು ತೇರ್ಗಡೆಯಾದಳೆಂದು ತಾಯಿ ಹಿಗ್ಗುತ್ತಾಳೆ. ಬೀಗಿದಳೆಂದರೆ ನೆರೆಯವರು ಅದನ್ನು ಮೆಚ್ಚಲಿಲ್ಲವೆಂದು ಅರ್ಥ.

ಉಕ್ಕುವುದೆಂದರೆ ಮೇಲೆದ್ದು ಅಂಚನ್ನು ಮೀರುವುದು. ಹಾಲು ಉಕ್ಕುತ್ತದೆ, ಹೊಳೆ ಉಕ್ಕಿ ಹರಿಯುತ್ತದೆ. ಹೊಸ ಮನೆಯ ಪ್ರವೇಶದ ದಿನ ಹಾಲುಕ್ಕಿಸುವುದು ಶುಭ. ಹೊಳೆ ಉಕ್ಕುವುದು ಶುಭವೇ ಆಗಬೇಕೆಂದಿಲ್ಲ. ೨೦೨೨ರ ಆಗಸ್ಟ್ ಕೊನೆಯ ಮಳೆಯಲ್ಲಿ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿದ್ದು ವಾಚಕರಿಗೆ ನೆನಪಿರಬಹುದು. ಕೆರೆಗೆ ಈ ಕ್ರಿಯಾಪದ ಸಲ್ಲುವುದು ಅಪರೂಪ. ಕೆರೆ ತುಂಬಿ ‘ಕೋಡಿ ಬೀಳುತ್ತದೆ’. ಮೀರುವ ನೀರಿಗೆ ಮನುಷ್ಯನೇ ದಾರಿ ಮಾಡಿಟ್ಟಿರುವುದರಿಂದ ಮಾತೂ ಆ ದಾರಿಯಿಂದಲೇ ಹುಟ್ಟಿದೆ.

೬. ಸಂಸ್ಕೃತದ ಒಂದು ಧಾತು

ಸಂಸ್ಕೃತದಲ್ಲಿ ಊದಿಕೊಳ್ಳುವುದನ್ನು ಹೇಳುವ ಧಾತು ‘ಶ್ವಿ’. ಆಯುರ್ವೇದದ ಶ್ವಯಥು ಎಂಬ ಪಾರಿಭಾಷಿಕ ಪದ ಅದರಿಂದಾದದ್ದು; ಚರಕಸಂಹಿತೆಯ ಚಿಕಿತ್ಸಾಸ್ಥಾನದ ೧೨ನೆಯ ಅಧ್ಯಾಯ ಶ್ವಯಥುವಿನ ಚಿಕಿತ್ಸೆಗೇ ಮೀಸಲು. ಇದೇ ಧಾತುವಿನ ಭೂತಕೃದಂತ ‘ಶೂನ’, ಅಂದರೆ ಊದಿದ್ದು. ಅದರಿಂದ ಬಂದದ್ದು ‘ಶೂನ್ಯ’. ಊದಿದ್ದು ಹೊರಗೆ ದೊಡ್ಡದು, ಒಳಗೆ ಬರಿದು. ಈ ಅನುಭವದಿಂದಲೇ ಬರಿದೆಂಬ ಅರ್ಥವೂ, ಗಣಿತದ ಸೊನ್ನೆಯ ಹೆಸರೂ ದೊರೆತವು. ಬಲೂನು ಊದುವ ಮಗುವಿಗೆ ಈ ನಿರುಕ್ತಿಯನ್ನು ಯಾರೂ ಕಲಿಸಬೇಕಾಗಿಲ್ಲ.

೭. ಪದ ಮತ್ತು ತಿಳಿವಳಿಕೆ

ಧಾತುವಿನ ಆಯ್ಕೆಯು ತಿಳಿವಳಿಕೆಯನ್ನು ಹೇಗೆ ತಿದ್ದುತ್ತದೆ, ಹೇಗೆ ದಾರಿತಪ್ಪಿಸುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರದ ಒಂದು ಪದವೇ ಸಾಕ್ಷಿ. ಬೆಲೆಗಳು ಒಟ್ಟಾಗಿ ಏರುತ್ತಲೇ ಹೋಗುವ ಸ್ಥಿತಿಗೆ ಇಂಗ್ಲಿಷು ‘ಇನ್‌ಫ್ಲೇಷನ್’ ಎಂದಿತು; ಅದು ಊದುವಿಕೆಯ ಚಿತ್ರ. ತಮಿಳು ‘ಪಣವೀಕ್ಕಂ’ ಎಂದು ಬೇನೆಯ ಚಿತ್ರವನ್ನು ಆರಿಸಿಕೊಂಡಿತು. ತೆಲುಗು ‘ದ್ರವ್ಯೋಲ್ಬಣಂ’ ಎಂದು ಸಂಸ್ಕೃತದ ಉಲ್ಬಣವನ್ನು ತೆಗೆದುಕೊಂಡಿತು. ಕನ್ನಡ ‘ಹಣದುಬ್ಬರ’ ಎಂದಿತು. ಉಬ್ಬರದ ಹಿಂದೆ ಇಳಿತ ಇದ್ದೇ ಇದೆ ಎಂಬುದು ನಮ್ಮ ಭಾಷೆಯ ನಂಬಿಕೆ. ಆದ್ದರಿಂದ ‘ಹಣದುಬ್ಬರ ಇಳಿದಿದೆ’ ಎಂಬ ಸುದ್ದಿಯನ್ನು ಓದಿದವರು, ಬೇಳೆಯ ಬೆಲೆ ಇನ್ನೂ ಏಕೆ ಇಳಿಯಲಿಲ್ಲವೆಂದು ಕೇಳುತ್ತಾರೆ. ಇಳಿದಿರುವುದು ಬೆಲೆಯಲ್ಲ, ಬೆಲೆ ಏರುವ ವೇಗ. ಏರಿದ ಬೆಲೆ ಏರಿದಲ್ಲಿಯೇ ಇದ್ದು, ಇನ್ನು ಮುಂದೆ ನಿಧಾನವಾಗಿ ಏರುತ್ತದೆ, ಅಷ್ಟೆ. ಪದ ಸುಂದರವಾಗಿದೆ, ಬಳಕೆಯಲ್ಲಿ ನೆಲೆಗೊಂಡಿದೆ; ಅದನ್ನು ಬದಲಾಯಿಸಬೇಕೆಂದು ನಾವು ಹೇಳುವುದಿಲ್ಲ. ಪಾಠ ಹೇಳುವವರು ಈ ಭ್ರಮೆಯನ್ನು ಮೊದಲೇ ಕಳೆಯಬೇಕೆಂದು ಮಾತ್ರ ಸೂಚಿಸುತ್ತೇವೆ.

ಮೇಲಿನ ವಿವೇಚನೆಯಿಂದ ಭಾಷಾಂತರಕಾರನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ತಾವಾಗಿಯೇ ಹೊಮ್ಮುತ್ತವೆ. ಸುತ್ತಲೂ ದುಂಡಗಾಗಿ ಆಕಾರ ಮರೆಯಾಯಿತೆ? ಹಾಗಾದರೆ ಊದು. ಮಟ್ಟ ಬಿಟ್ಟು ಮೇಲೆದ್ದಿತೆ? ಉಬ್ಬು. ಮಾಂಸದಲ್ಲಿ ಕಾವು ನೋವುಗಳಿವೆಯೆ? ಬಾವು. ಅಂಚನ್ನು ಮೀರಿತೆ? ಉಕ್ಕು. ಮನಸ್ಸಿನದಾದರೆ ಅದು ಮೆಚ್ಚತಕ್ಕದ್ದೋ ಅಲ್ಲವೋ ಎಂಬುದನ್ನು ನೋಡಿ ಹಿಗ್ಗು ಅಥವಾ ಬೀಗು. ಬಳಕೆಯಲ್ಲಿ ಈ ಗಡಿಗಳು ಅಲ್ಲಲ್ಲಿ ಒಂದರ ಮೇಲೊಂದು ಹಾಯುತ್ತವೆ. ಊದಿದ ಕಾಲನ್ನು ಬಾತ ಕಾಲೆಂದರೂ ತಪ್ಪಿಲ್ಲ. ಆದರೆ ಹಟ್ಟಿಯಲ್ಲಿ, ಹುಳುಮನೆಯಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ಭೇದವು ಬೇಕಾದಾಗ ಕನ್ನಡವು ಅದನ್ನು ಒದಗಿಸಬಲ್ಲುದು.

೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು, ೧೯೬೧ರಲ್ಲಿ ಬಂದ ಬರೋ ಮತ್ತು ಎಮೆನೊ ಅವರ ದ್ರಾವಿಡ ಜ್ಞಾತಿಪದಕೋಶ, ಈ ಧಾತುಗಳ ನೆಂಟಸ್ತನವನ್ನು ಅರಿಯಲು ನೆರವಾಗುತ್ತವೆ. ಆದರೆ ಯಾವ ಮಾತನ್ನು ಎಲ್ಲಿ ಆಡಬೇಕೆಂಬುದನ್ನು ಅರಿಯಲು ಕನಕಪುರದ ಹೈನುಗಾರ್ತಿಯನ್ನೋ ಮಾಗಡಿಯ ರೇಷ್ಮೆ ರೈತನನ್ನೋ ಕೇಳುವುದು ಒಳ್ಳೆಯದು. ಅವರ ಮಾತನ್ನು ಕಿವಿಗೊಟ್ಟು ಕೇಳಿ ಬರೆದುಕೊಳ್ಳುವ ಕೆಲಸವನ್ನು ಊರೂರಿನ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಂಡರೆ, ಮುಂದೆ ಕನ್ನಡದಲ್ಲಿ ತಿಳುವಳಿಕೆಪತ್ರ ಬರೆಯುವವರಿಗೆ ಅದರಿಂದ ದೊಡ್ಡ ಉಪಕಾರವಾಗುವುದು.